ಎತ್ತರಿಸಿದ ನಾಲ್ಕು ಚಕ್ರ ಚಾಲನೆಯ ಪಿಕಪ್ಪು ಗಾಡಿಗಳಲ್ಲಿ ಉಂಟಾಗುವ ನಡುಕವೂ ಅದರ ಕಾರಣಗಳ ಪರೀಕ್ಷೆಯೂ

ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಮುಂತಾದ ಪ್ರಾಂತ್ಯಗಳ ಕಾಫಿ ತೋಟಗಳಲ್ಲಿಯೂ, ಮಲೆನಾಡಿನ ಅಡಕೆ ಸೀಮೆಯಲ್ಲಿಯೂ, ನಾಲ್ಕು ಚಕ್ರಗಳಿಗೂ ಇಂಜಿನಿನ ಬಲವು ಒದಗುವ ಜೀಪು ಮತ್ತು ಪಿಕಪ್ಪು ಗಾಡಿಗಳು ಬೇಸಾಯದ ಸಾಮಗ್ರಿಗಳಲ್ಲಿ ಒಂದಾಗಿ ಸೇರಿಹೋಗಿವೆ. ಗೊಬ್ಬರವನ್ನು ತೋಟದ ಮೇಲಣ ಭಾಗಕ್ಕೆ ಏರಿಸುವುದಕ್ಕೂ, ಒಣಗಿದ ಕಾಫಿಯ ಮೂಟೆಗಳನ್ನು ಕಣದಿಂದ ಇಳಿಸುವುದಕ್ಕೂ ಇವುಗಳನ್ನೇ ನೆಚ್ಚಿಕೊಳ್ಳಬೇಕಾಗಿದೆ. ಮಳೆಗಾಲದಲ್ಲಿ ತೋಟದ ದಾರಿಗಳಲ್ಲಿ ಗಾಲಿಯ ಜಾಡು ಆಳವಾಗಿ ಕೊರೆದು, ನಡುವೆ ಉಳಿದ ದಿಣ್ಣೆಯು ಗಾಡಿಯ ತಳಕ್ಕೆ ತಗಲುವುದರಿಂದ, ಅನೇಕ ಮಾಲೀಕರು ಗಾಡಿಯನ್ನು 2 ರಿಂದ 4 ಅಂಗುಲಗಳವರೆಗೆ ಎತ್ತರಿಸಿ, ದೊಡ್ಡ ಟೈರುಗಳನ್ನು ಹಾಕಿಸುತ್ತಾರೆ. ಹೀಗೆ ಮಾಡಿದ ಗಾಡಿಯು ತೋಟದೊಳಗೆ ಸುಖವಾಗಿ ನಡೆಯುತ್ತದೆ. ಆದರೆ ಡಾಂಬರು ರಸ್ತೆಗೆ ಬಂದು ಗಂಟೆಗೆ 50 ಅಥವಾ 60 ಕಿಲೋಮೀಟರು ವೇಗವನ್ನು ಮುಟ್ಟಿದೊಡನೆಯೇ ಅದರ ಮೈಯೆಲ್ಲ ಅದುರತೊಡಗುವುದುಂಟು.

ಆಗ ಸಾಮಾನ್ಯವಾಗಿ ನಡೆಯತಕ್ಕ ಸಂಗತಿ ಹೀಗಿದೆ. ಮೊದಲು ಟೈರುಗಳ ತೂಕವನ್ನು ಸರಿಮಾಡಿಸುತ್ತಾರೆ. ನಡುಕವು ನಿಲ್ಲುವುದಿಲ್ಲ. ಅನಂತರ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳನ್ನು ಬದಲಾಯಿಸುತ್ತಾರೆ. ಕೆಲವು ದಿನ ಕಡಿಮೆಯಾದಂತೆ ತೋರಿ, ಎರಡು ಮೂರು ತಿಂಗಳಲ್ಲಿ ಹೊಸ ಕ್ರಾಸುಗಳೂ ಸವೆದು ನಡುಕವು ಮರಳುತ್ತದೆ. ಅಷ್ಟರಲ್ಲಿ ಹಿಂದಿನ ಅಚ್ಚಿನ ಪಿನಿಯನ್ನಿನ ಬಳಿ ಎಣ್ಣೆ ಜಿನುಗುವುದಕ್ಕೆ ಮೊದಲಾಗಿ, ಗೇರುಪೆಟ್ಟಿಗೆಯನ್ನೇ ಬಿಚ್ಚಬೇಕೆಂಬ ಸಲಹೆಯೂ ಬರುತ್ತದೆ. ಇಷ್ಟು ಹಣ ವ್ಯಯವಾದರೂ ಮೂಲಕಾರಣವನ್ನು ಯಾರೂ ಅಳೆದು ನೋಡಿರುವುದಿಲ್ಲ. ಅಳೆಯುವುದಕ್ಕೆ ಬೇಕಾದದ್ದು ಮಟ್ಟಸವಾದ ನೆಲವೂ, ಒಂದು ಕೋನಮಾಪಕವೂ, ಅರ್ಧ ಗಂಟೆಯ ಕಾಲವೂ ಮಾತ್ರವೇ.

ನಷ್ಟವು ಹಣದ್ದಷ್ಟೇ ಆದರೆ ಇಷ್ಟು ವಿಸ್ತರಿಸಿ ಹೇಳಬೇಕಾಗಿರಲಿಲ್ಲ. ನಡುಗುತ್ತಿರುವ ಶಾಫ್ಟಿನ ಕ್ರಾಸು ಓಡುವಾಗಲೇ ಮುರಿದರೆ, ತಿರುಗುತ್ತಿರುವ ಉಕ್ಕಿನ ಕೊಳವೆಯು ಗಾಡಿಯ ಅಡಿಯಲ್ಲಿ ಬಡಿದಾಡಿ, ಬ್ರೇಕಿನ ಕೊಳವೆಯನ್ನೋ ಇಂಧನದ ತೊಟ್ಟಿಯನ್ನೋ ಒಡೆಯಬಲ್ಲದು. ಶಾಫ್ಟಿನ ಮುಂದಿನ ತುದಿಯು ಕಳಚಿ ರಸ್ತೆಗೆ ನಾಟಿಕೊಂಡರೆ ಗಾಡಿಯ ಹಿಂಭಾಗವನ್ನೇ ಮೇಲೆತ್ತಿ ಕೆಡಹುವ ಭಯವೂ ಉಂಟು. ಶಿರಾಡಿ, ಚಾರ್ಮಾಡಿ ಘಟ್ಟಗಳಂಥ ಇಳಿಜಾರಿನಲ್ಲಿ ಇದರ ಪರಿಣಾಮವೇನೆಂಬುದನ್ನು ಊಹಿಸುವುದು ಕಷ್ಟವಲ್ಲ. ಸರಕಿನ ಗಾಡಿಯ ಹಿಂಬದಿಯಲ್ಲಿ ಆಳುಗಳನ್ನು ಕುಳ್ಳಿರಿಸಿಕೊಂಡು ಹೋಗುವುದು ಕಾನೂನಿಗೆ ಸಮ್ಮತವಾದುದಲ್ಲ. ಆದರೂ ಅದು ನಡೆಯುತ್ತಿದೆ ಎಂಬುದನ್ನು ಎಲ್ಲರೂ ಬಲ್ಲರು. ಆದಕಾರಣ ನಡುಕವನ್ನು ಕೇವಲ ಅಸೌಖ್ಯವೆಂದು ಭಾವಿಸಿ ಸುಮ್ಮನಿರುವುದು ತರವಲ್ಲ.

ನಡುಕದ ಮೂಲ

ರೋಟವೇಟರನ್ನು ಬಳಸುವ ಬೇಸಾಯಗಾರರಿಗೆ ಈ ವಿಷಯವು ಅರ್ಧ ತಿಳಿದೇ ಇದೆ. ಗದ್ದೆಯ ಅಂಚಿನಲ್ಲಿ ಟ್ರಾಕ್ಟರನ್ನು ತಿರುಗಿಸುವಾಗ, ತಿರುಗುತ್ತಿರುವ ರೋಟವೇಟರನ್ನು ಹಾಗೆಯೇ ಮೇಲೆತ್ತಿದರೆ, ಟ್ರಾಕ್ಟರಿನ ಹಿಂದಣ ಶಾಫ್ಟು ಗಡಗಡನೆ ಸದ್ದುಮಾಡುತ್ತದೆ. ಇಳಿಸಿದೊಡನೆ ಸದ್ದು ಅಡಗುತ್ತದೆ. ಶಾಫ್ಟಾಗಲಿ ಕ್ರಾಸಾಗಲಿ ಆ ಕ್ಷಣದಲ್ಲಿ ಕೆಟ್ಟು ಮರುಕ್ಷಣದಲ್ಲಿ ರಿಪೇರಿಯಾದದ್ದಲ್ಲ. ಬದಲಾದದ್ದು ಶಾಫ್ಟಿನ ಓರೆ ಮಾತ್ರ. ಎತ್ತರಿಸಿದ ಪಿಕಪ್ಪು ಗಾಡಿಯು, ಮೇಲೆತ್ತಿದ ರೋಟವೇಟರಿನಂತೆಯೇ, ಇಳಿಸುವ ಕಾಲವಿಲ್ಲದೆ ಯಾವಾಗಲೂ ಆ ಓರೆಯಲ್ಲಿಯೇ ಓಡುತ್ತಿರುತ್ತದೆ.

ಕ್ರಾಸು ಎಂಬುದು ಎರಡು ಕವಲುಗಳನ್ನು ಒಂದಕ್ಕೊಂದು ಅಡ್ಡಲಾಗಿ ಕೂಡಿಸುವ ನಾಲ್ಕು ತೋಳಿನ ಉಕ್ಕಿನ ತುಂಡು. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿಯು ಇದರ ಚಲನೆಯನ್ನು ವಿವರಿಸಿದನು. ಈ ಸಂಧಿಯು ನೆಟ್ಟಗಿದ್ದಾಗ ಎರಡು ಕಡೆಯೂ ಒಂದೇ ಸಮನಾಗಿ ತಿರುಗುತ್ತವೆ. ಓರೆಯಾದಾಗ, ಒಂದು ಕಡೆ ಸಮವೇಗದಲ್ಲಿ ತಿರುಗಿದರೂ ಇನ್ನೊಂದು ಕಡೆಯು ಪ್ರತಿ ಸುತ್ತಿನಲ್ಲಿಯೂ ಎರಡು ಸಲ ವೇಗವಾಗಿ, ಎರಡು ಸಲ ನಿಧಾನವಾಗಿ ತಿರುಗುತ್ತದೆ. ಓರೆಯು 5 ಡಿಗ್ರಿ ಇದ್ದರೆ ಈ ಏರುಪೇರು ನೂರಕ್ಕೆ ಅರ್ಧಕ್ಕಿಂತಲೂ ಕಡಿಮೆ. 10 ಡಿಗ್ರಿಗೆ ನೂರಕ್ಕೆ ಒಂದೂವರೆ. 20 ಡಿಗ್ರಿಗೆ ನೂರಕ್ಕೆ 6ರಷ್ಟು. ಎಂದರೆ, ಓರೆಯು ಇಮ್ಮಡಿಯಾದರೆ ಏರುಪೇರು ನಾಲ್ಮಡಿಯಾಗುತ್ತದೆ. ಸ್ವಲ್ಪವೇ ಎತ್ತರಿಸಿದೆವಲ್ಲ ಎಂಬ ಸಮಾಧಾನವು ಇಲ್ಲಿ ಸಲ್ಲದು.

ಈ ದೋಷವನ್ನು ಕಳೆಯುವುದಕ್ಕಾಗಿಯೇ ಶಾಫ್ಟಿನ ಎರಡು ತುದಿಗಳಲ್ಲಿಯೂ ಒಂದೊಂದು ಕ್ರಾಸನ್ನು ಇಟ್ಟಿರುತ್ತಾರೆ. ಮುಂದಿನ ಕ್ರಾಸು ಉಂಟುಮಾಡಿದ ಏರುಪೇರನ್ನು ಹಿಂದಿನ ಕ್ರಾಸು ಅಳಿಸಿಹಾಕುತ್ತದೆ. ಆದರೆ ಇದಕ್ಕೆ ಎರಡು ನಿಯಮಗಳುಂಟು. ಎರಡು ಕ್ರಾಸುಗಳ ಓರೆಯೂ ಸಮನಾಗಿರತಕ್ಕದ್ದು. ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕೂಡದು. ಶಾಫ್ಟಿನ ಎರಡು ತುದಿಯ ಕವಲುಗಳೂ ಒಂದೇ ನೇರದಲ್ಲಿರತಕ್ಕದ್ದು. ಇವೆರಡು ನೆರವೇರಿದರೂ, ನಡುವಣ ಶಾಫ್ಟು ಮಾತ್ರ ಓಲಾಡುತ್ತಲೇ ತಿರುಗುವುದರಿಂದ, ಓರೆಯ ಪ್ರಮಾಣಕ್ಕೂ ಒಂದು ಮಿತಿ ಇದ್ದೇ ಇದೆ. ಶಾಫ್ಟು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸುಮಾರು 6 ಡಿಗ್ರಿ, 2000 ಸುತ್ತಿಗೆ ಸುಮಾರು 9 ಡಿಗ್ರಿ, 1500 ಸುತ್ತಿಗೆ ಹನ್ನೊಂದೂವರೆ ಡಿಗ್ರಿ ಎಂಬುದು ಶಾಫ್ಟು ತಯಾರಕರು ಅನುಸರಿಸುವ ಲೆಕ್ಕ.

ಗಾಡಿಯನ್ನು ಎತ್ತರಿಸಿದಾಗ ಗೇರುಪೆಟ್ಟಿಗೆಯು ಮೇಲಕ್ಕೆ ಹೋಗುತ್ತದೆ; ಅಚ್ಚು ಚಕ್ರಗಳೊಡನೆ ಕೆಳಗೆಯೇ ಉಳಿಯುತ್ತದೆ. 40 ಅಂಗುಲ ಉದ್ದದ ಶಾಫ್ಟು ಇರುವ ಗಾಡಿಯನ್ನು 4 ಅಂಗುಲ ಎತ್ತರಿಸಿದರೆ ಶಾಫ್ಟಿನ ಇಳಿಜಾರು ಸುಮಾರು 6 ಡಿಗ್ರಿ ಹೆಚ್ಚುತ್ತದೆ. ಹಿಂದಿನ ಶಾಫ್ಟು 20 ಅಂಗುಲವಷ್ಟೇ ಇರುವ ಗಿಡ್ಡ ಜೀಪಿನಲ್ಲಿ ಅದೇ 4 ಅಂಗುಲಕ್ಕೆ ಹನ್ನೊಂದು ಡಿಗ್ರಿಗೂ ಮೀರುತ್ತದೆ. ನೆರೆಯವನ ಉದ್ದ ಗಾಡಿಗೆ ಏನೂ ಆಗಲಿಲ್ಲವೆಂದು ಗಿಡ್ಡ ಗಾಡಿಗೂ ಅಷ್ಟೇ ಎತ್ತರ ಕೊಡಿಸುವುದು ಈ ಕಾರಣದಿಂದ ತಪ್ಪು.

ಪರೀಕ್ಷೆಯ ಕ್ರಮ

ಗಾಡಿಯನ್ನು ಗ್ಯಾರೇಜಿಗೆ ಕಳುಹಿಸುವುದಕ್ಕೆ ಮೊದಲು ಮಾಲೀಕನು ತಾನೇ ಚಾಲಕನ ಪಕ್ಕದಲ್ಲಿ ಕುಳಿತು, ಮಟ್ಟಸವಾದ, ಜನಸಂಚಾರವಿಲ್ಲದ ರಸ್ತೆಯಲ್ಲಿ ಓಡಿಸಿ ನೋಡತಕ್ಕದ್ದು. ಘಟ್ಟದ ರಸ್ತೆಯು ಈ ಪರೀಕ್ಷೆಗೆ ಯೋಗ್ಯವಲ್ಲ. ಅಲ್ಲಿ ಗಾಡಿಯನ್ನು ನ್ಯೂಟ್ರಲಿಗೆ ಹಾಕುವುದು ಅಪಾಯಕರವೂ ಹೌದು. ಹೊರಡುವ ಮುನ್ನ ಚಕ್ರಗಳ ಒಳಮೈಯನ್ನು ತೊಳೆಸಬೇಕು. ಮಲೆನಾಡಿನ ಜೇಡಿಯು ರಿಮ್ಮಿನೊಳಗೆ ಒಂದೇ ಕಡೆ ಗಟ್ಟಿಯಾಗಿ ಕುಳಿತುಕೊಂಡು, ಕೇವಲ ಅದರಿಂದಲೇ ಗಾಡಿಯು ನಡುಗಿದ ಪ್ರಸಂಗಗಳು ವಿರಳವಲ್ಲ. ಚಕ್ರದ ನಟ್ಟುಗಳ ಬಿಗಿಯನ್ನೂ ಆಗಲೇ ನೋಡಿಬಿಡಬೇಕು.

ಮೊದಲನೆಯ ಪ್ರಶ್ನೆ: ನಡುಕವು ಇಂಜಿನಿನ ವೇಗವನ್ನು ಅನುಸರಿಸುತ್ತದೆಯೋ, ಗಾಡಿಯ ವೇಗವನ್ನೋ? ನಡುಕ ಬರುವ ವೇಗವನ್ನು ಗುರುತಿಟ್ಟುಕೊಂಡು, ಅದೇ ವೇಗದಲ್ಲಿ ಬೇರೆ ಗೇರಿನಲ್ಲಿ ಓಡಿಸಬೇಕು. ಗೇರು ಬದಲಾದರೂ ಗಾಡಿಯ ಅದೇ ವೇಗಕ್ಕೇ ನಡುಕ ಬಂದರೆ, ದೋಷವು ಗೇರುಪೆಟ್ಟಿಗೆಯಿಂದ ಹಿಂದೆ, ಎಂದರೆ ಶಾಫ್ಟು, ಅಚ್ಚು ಅಥವಾ ಚಕ್ರಗಳಲ್ಲಿದೆ. ನಿಂತ ಗಾಡಿಯಲ್ಲಿಯೂ ಇಂಜಿನಿನ ಒಂದು ವೇಗಕ್ಕೆ ಅದುರು ಬಂದರೆ ಇಂಜಿನಿನ ರಬ್ಬರು ದಿಂಬುಗಳನ್ನು ನೋಡಬೇಕು. ಅದಕ್ಕೂ ಎತ್ತರಿಸಿದುದಕ್ಕೂ ಸಂಬಂಧವಿಲ್ಲ.

ಎರಡನೆಯದು, ನಡುಕದ ಗತಿ. 30 ಅಂಗುಲ ವ್ಯಾಸದ ಟೈರು ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಸೆಕೆಂಡಿಗೆ ಸುಮಾರು 7 ಸುತ್ತು ತಿರುಗುತ್ತದೆ. ಅಚ್ಚಿನ ಗೇರು ಒಂದಕ್ಕೆ ನಾಲ್ಕು ಇದ್ದರೆ ಶಾಫ್ಟು ಸೆಕೆಂಡಿಗೆ 28 ಸುತ್ತು ತಿರುಗುತ್ತದೆ. ಕ್ರಾಸಿನ ಓರೆಯಿಂದ ಬರುವ ನಡುಕವು ಸುತ್ತಿಗೆ ಎರಡರಂತೆ 56. ಈ ಮೂರನ್ನೂ ಯಂತ್ರವಿಲ್ಲದೆಯೇ ಗುರುತಿಸಬಹುದು. ಸೆಕೆಂಡಿಗೆ ಏಳರ ನಡುಕವು ಕುಲುಕಾಟ. ಸ್ಟೀರಿಂಗು ಕೈಯಲ್ಲಿ ಎಡಬಲಕ್ಕೆ ಆಡುತ್ತದೆ, ಇಲ್ಲವೇ ಆಸನವು ಮೇಲೆಕೆಳಗಾಗುತ್ತದೆ. ಇದು ಚಕ್ರದ ದೋಷ. ಸ್ಟೀರಿಂಗು ಆಡಿದರೆ ಮುಂದಿನ ಚಕ್ರಗಳು, ಆಸನದಲ್ಲಿ ತಿಳಿದುಬಂದರೆ ಹಿಂದಿನವು. ಶಾಫ್ಟಿನದು ಕುಲುಕಾಟವಲ್ಲ, ಝುಂಕಾರ. ಅಂಗಾಲಿಗೆ ಜುಮ್ಮೆನ್ನುತ್ತದೆ, ಕನ್ನಡಿಯಲ್ಲಿ ಕಾಣುವ ಚಿತ್ರವು ಮಸಕಾಗುತ್ತದೆ, ಬಾಗಿಲಿನ ತಗಡು ಗುಂಯ್‌ಗುಡುತ್ತದೆ. ಕುಲುಕಾಟವಿಲ್ಲದೆ ಝುಂಕಾರ ಮಾತ್ರ ಇದ್ದ ಗಾಡಿಗೆ ಹೊಸ ಟೈರುಗಳನ್ನು ಕೊಳ್ಳುವುದು ಶುದ್ಧ ದುಂದು.

ಮೂರನೆಯದು, ಭಾರ ಮತ್ತು ಎಳೆತದ ಪರೀಕ್ಷೆ. ಇದೇ ಎಲ್ಲಕ್ಕಿಂತ ಹೆಚ್ಚು ತಿಳಿಸತಕ್ಕದ್ದು. ನಡುಕ ಬರುವ ವೇಗದಲ್ಲಿ ಕ್ಲಚ್ಚನ್ನು ತುಳಿದು ನ್ಯೂಟ್ರಲಿಗೆ ತಂದು ಗಾಡಿಯನ್ನು ತಾನಾಗಿ ಸಾಗಗೊಡಬೇಕು. ನಡುಕವು ಹಾಗೆಯೇ ಇದ್ದರೆ ಚಕ್ರದ ಅಥವಾ ಶಾಫ್ಟಿನ ತೂಕದ ದೋಷವಿರಬಹುದು, ಇಲ್ಲವೇ ಓರೆಯು ಸ್ಥಿರವಾಗಿಯೇ ಕೆಟ್ಟಿರಬಹುದು. ಎಳೆಯುವಾಗ ಇದ್ದು, ಆಕ್ಸಲರೇಟರು ಬಿಟ್ಟೊಡನೆ ಹೋದರೆ, ಪಟ್ಟಿ ಸ್ಪ್ರಿಂಗುಗಳು ಎಳೆತಕ್ಕೆ ತಿರುಚಿಕೊಂಡು ಪಿನಿಯನ್ನಿನ ಮೂತಿಯು ಮೇಲಕ್ಕೇಳುತ್ತಿದೆ ಎಂದು ತಿಳಿಯಬೇಕು. ಅಚ್ಚಿಗೂ ಸ್ಪ್ರಿಂಗಿಗೂ ನಡುವೆ ಕಬ್ಬಿಣದ ದಿಮ್ಮಿ ಇಟ್ಟು ಎತ್ತರಿಸಿದ ಗಾಡಿಗಳಲ್ಲಿ ಇದು ಹೆಚ್ಚು. ದಿಮ್ಮಿಯು ಸನ್ನೆಯಂತೆ ಸ್ಪ್ರಿಂಗನ್ನು ತಿರುಚುತ್ತದೆ. ಅನಂತರ 50 ಕಿಲೋಗ್ರಾಮಿನ ಹತ್ತು ಹನ್ನೆರಡು ಮೂಟೆಗಳನ್ನು ಹೇರಿ, ಅದೇ ರಸ್ತೆಯಲ್ಲಿ ಅದೇ ವೇಗಕ್ಕೆ ಓಡಿಸಬೇಕು. ಭಾರದಿಂದ ಗಾಡಿಯು ತಗ್ಗಿ ಶಾಫ್ಟಿನ ಓರೆಯು ಇಳಿಯುತ್ತದೆ. ಬರಿಗಾಡಿಯಲ್ಲಿ ಇದ್ದ ನಡುಕವು ಹೊರೆಯಿಂದ ಇಳಿದುಹೋದರೆ ಕಾರಣವು ಓರೆಯೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ನಾಲ್ಕು ಚಕ್ರದ ಸನ್ನೆಯ ವಿಷಯದಲ್ಲಿ ಒಂದು ಮಾತು. ತೋಟದಿಂದ ಹೊರಬಂದ ಚಾಲಕನು ನಾಲ್ಕು ಚಕ್ರದ ಬಲವನ್ನು ಬಿಡಿಸಲು ಮರೆತು ಡಾಂಬರಿನ ಮೇಲೆ ಓಡಿಸಿದರೆ, ತಿರುವುಗಳಲ್ಲಿ ಮುಂದಿನ ಹಿಂದಿನ ಚಕ್ರಗಳು ಸಾಗುವ ದೂರ ಬೇರೆ ಬೇರೆಯಾಗಿ, ಶಾಫ್ಟುಗಳು ಬಿಗಿದು ಗಾಡಿಯು ಜಗ್ಗುತ್ತ ಅದುರುತ್ತದೆ. ಮುಂದೆ ಹೊಸ ಟೈರು, ಹಿಂದೆ ಸವೆದ ಟೈರು ಇದ್ದರೂ ಹೀಗೆಯೇ. ಇದು ರೋಗವಲ್ಲ, ಮರೆವು. ಆದರೆ ಎರಡು ಚಕ್ರದ ಚಾಲನೆಯಲ್ಲಿ ಇಲ್ಲದ ಝುಂಕಾರವು ಮುಂದಿನ ಹಬ್ಬುಗಳನ್ನು ಕೂಡಿಸಿದಾಗ ಮಾತ್ರ ಬಂದರೆ ಮುಂದಿನ ಶಾಫ್ಟನ್ನೇ ಶಂಕಿಸಬೇಕು. ಸಂಶಯ ಉಳಿದಲ್ಲಿ ನುರಿತ ಮೇಸ್ತ್ರಿಯಿಂದ ಮುಂದಿನ ಶಾಫ್ಟನ್ನು ಬಿಚ್ಚಿಸಿ, ಹಿಂದಿನ ಚಕ್ರಗಳಿಂದಲೇ ಓಡಿಸಿ ನೋಡಬಹುದು. ಹಿಂದಿನ ಶಾಫ್ಟನ್ನು ಬಿಚ್ಚುವಾಗ ಮಾತ್ರ ಬಹಳ ಎಚ್ಚರ ಬೇಕು. ಹಳೆಯ ಜೀಪುಗಳಲ್ಲಿ ಕೈಬ್ರೇಕು ಚಕ್ರಗಳಲ್ಲಿರದೆ ಶಾಫ್ಟಿನ ಮೊದಲಲ್ಲಿ ಇರುವುದರಿಂದ, ಶಾಫ್ಟು ಕಳಚಿದೊಡನೆ ಕೈಬ್ರೇಕೂ ಇಲ್ಲದಂತಾಗಿ ಗಾಡಿಯು ಉರುಳಿಬಿಡುತ್ತದೆ. ಅಡಿಯಲ್ಲಿ ಮಲಗುವವನು ಮೊದಲು ನಾಲ್ಕು ಚಕ್ರಗಳಿಗೂ ಮರದ ಅಡ್ಡೆ ಕೊಡದೆ ಒಂದು ಬೋಲ್ಟನ್ನೂ ಮುಟ್ಟಕೂಡದು.

ಓರೆಯನ್ನು ಅಳೆಯುವ ವಿಧಾನ

ಗಾಡಿಯು ಮಟ್ಟಸವಾದ ನೆಲದ ಮೇಲೆ, ತನ್ನ ನಾಲ್ಕು ಚಕ್ರಗಳ ಮೇಲೆಯೇ ನಿಂತಿರಬೇಕು. ಚಾಸಿಗೆ ಜಾಕಿ ಕೊಟ್ಟು ಎತ್ತಿದರೆ ಅಚ್ಚು ಜೋತುಬಿದ್ದು ಅಳತೆಯೆಲ್ಲ ಸುಳ್ಳಾಗುತ್ತದೆ. ಇಳಿಜಾರನ್ನು ಡಿಗ್ರಿಗಳಲ್ಲಿ ತೋರಿಸುವ ಕೋನಮಾಪಕವನ್ನು ಮೂರು ಕಡೆ ಇಟ್ಟು ನೋಡಬೇಕು: ಗೇರುಪೆಟ್ಟಿಗೆಯ ಹೊರಬರುವ ಫ್ಲಾಂಜು, ಶಾಫ್ಟಿನ ಕೊಳವೆ, ಅಚ್ಚಿನ ಪಿನಿಯನ್ನಿನ ಫ್ಲಾಂಜು. ಫ್ಲಾಂಜಿನ ಮುಖವು ಲಂಬದಿಂದ ಎಷ್ಟು ವಾಲಿದೆಯೋ ಅಷ್ಟೇ ಅದರ ಶಾಫ್ಟಿನ ಇಳಿಜಾರು. ರಸಮಟ್ಟದಿಂದ ಇಳಿಜಾರಿದೆಯೆಂದು ತಿಳಿಯಬಹುದೇ ಹೊರತು ಎಷ್ಟು ಡಿಗ್ರಿಯೆಂದು ತಿಳಿಯದು. ಆದರೆ ಈಗ ಅನೇಕ ಮೊಬೈಲು ಫೋನುಗಳಲ್ಲಿಯೂ ಈ ಅಳತೆಯ ಸೌಕರ್ಯವಿರುವುದರಿಂದ ಉಪಕರಣವಿಲ್ಲವೆಂಬ ನೆಪಕ್ಕೆ ಎಡೆಯಿಲ್ಲ. ಮೊದಲ ಎರಡರ ವ್ಯತ್ಯಾಸವು ಮುಂದಿನ ಕ್ರಾಸಿನ ಓರೆ. ಕೊನೆಯ ಎರಡರದು ಹಿಂದಿನ ಕ್ರಾಸಿನ ಓರೆ.

ಒಂದು ಉದಾಹರಣೆಯನ್ನು ಎತ್ತಿಕೊಳ್ಳಬಹುದು. ಗೇರುಪೆಟ್ಟಿಗೆಯ ತುದಿಯು ಹಿಂದಕ್ಕೆ 3 ಡಿಗ್ರಿ ಇಳಿದಿದೆ. ಪಿನಿಯನ್ನೂ ಅದಕ್ಕೆ ಸಮಾಂತರವಾಗಿ 3 ಡಿಗ್ರಿ. ನಡುವಣ ಶಾಫ್ಟು 8 ಡಿಗ್ರಿ. ಎರಡು ಕ್ರಾಸುಗಳ ಓರೆಯೂ 5 ಡಿಗ್ರಿ. ಗಾಡಿಯು ನಿಶ್ಶಬ್ದವಾಗಿ ಓಡುತ್ತದೆ. 4 ಅಂಗುಲ ಎತ್ತರಿಸಿದ ಮೇಲೆ, 40 ಅಂಗುಲದ ಶಾಫ್ಟು 14 ಡಿಗ್ರಿಗೆ ಇಳಿಯಿತು. ಈಗ ಓರೆಯು ಎರಡು ಕಡೆಯೂ 11 ಡಿಗ್ರಿ. ಸಮನಾಗಿಯೇನೋ ಇದೆ, ಆದರೆ ಮಿತಿಯ ಅಂಚಿನಲ್ಲಿದೆ. ಮೇಲೆ ಹೇಳಿದ ಲೆಕ್ಕದಂತೆ 50 ಕಿಲೋಮೀಟರು ದಾಟುತ್ತಲೇ ನಡುಕ ಕಾಣಿಸಿಕೊಳ್ಳುವುದು ಸಹಜ. ಇದನ್ನು ಕಂಡ ಮೇಸ್ತ್ರಿಯು ಪಿನಿಯನ್ನಿನ ಮೂತಿಯನ್ನು ಶಾಫ್ಟಿನ ಕಡೆಗೆ ಎತ್ತಿದರೆ ಸರಿಹೋದೀತೆಂದು 5 ಡಿಗ್ರಿಯ ಬೆಣೆಯನ್ನು ಸ್ಪ್ರಿಂಗಿನ ಅಡಿಗೆ ಕೊಡುತ್ತಾನೆ. ಪಿನಿಯನ್ನು 8 ಡಿಗ್ರಿಯಾಯಿತು. ಹಿಂದಿನ ಕ್ರಾಸಿನ ಓರೆಯು 6ಕ್ಕೆ ಇಳಿಯಿತು, ಮುಂದಿನದು 11ರಲ್ಲಿಯೇ ಉಳಿಯಿತು. ಒಂದನ್ನೊಂದು ಅಳಿಸುತ್ತಿದ್ದ ಏರುಪೇರುಗಳು ಈಗ ಅಳಿಸಲಾರವು. ಕಣ್ಣಿಗೆ ಹಿತವಾಗಿ ಕಾಣುವ ಈ ರಿಪೇರಿಯಿಂದ ನಡುಕವು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಅದೇ ಬೆಣೆಯು ಇನ್ನೊಂದು ಬಗೆಯ ಶಾಫ್ಟಿಗೆ ಯೋಗ್ಯವಾದುದು. ಗೇರುಪೆಟ್ಟಿಗೆಯ ಕಡೆ ಎರಡು ಕ್ರಾಸುಗಳನ್ನು ಒಂದರ ಬೆನ್ನಿಗೆ ಒಂದನ್ನು ಜೋಡಿಸಿದ ಜೋಡಿಸಂಧಿಯ ಶಾಫ್ಟಿನಲ್ಲಿ, ಆ ಜೋಡಿಯು ತನ್ನ ಏರುಪೇರನ್ನು ತಾನೇ ಕಳೆದುಕೊಳ್ಳುತ್ತದೆ. ಹಿಂದಿನ ಒಂಟಿ ಕ್ರಾಸಿಗೆ ಓರೆಯೇ ಇರಕೂಡದು. ಅಲ್ಲಿ ಪಿನಿಯನ್ನಿನ ಮೂತಿಯು ಶಾಫ್ಟಿನ ನೇರಕ್ಕೆ, ಎಳೆತದಲ್ಲಿ ಏಳುವುದಕ್ಕೆ ಅವಕಾಶವಾಗಿ ಒಂದೆರಡು ಡಿಗ್ರಿ ಮಾತ್ರ ತಗ್ಗಾಗಿ, ಇರತಕ್ಕದ್ದು. ಆದಕಾರಣ ಬೆಣೆ ಕೊಡುವ ಮುನ್ನ ಶಾಫ್ಟು ಯಾವ ಬಗೆಯದೆಂಬುದನ್ನು ಅಡಿಗೆ ಬಗ್ಗಿ ನೋಡಲೇಬೇಕು.

ಓರೆಯು ಸಮನಾಗಿದ್ದು ಮಿತಿ ಮೀರಿದ್ದರೆ ಮೂರು ದಾರಿಗಳುಂಟು. ಎತ್ತರವನ್ನು 4 ಅಂಗುಲದಿಂದ 2ಕ್ಕೆ ಇಳಿಸಿದರೆ ಉದಾಹರಣೆಯ ಗಾಡಿಯಲ್ಲಿ ಓರೆಯು 8 ಡಿಗ್ರಿಗೆ ಬಂದು, ಗಂಟೆಗೆ 70 ಕಿಲೋಮೀಟರಿನವರೆಗೆ ತೊಂದರೆಯಿಲ್ಲ. ತೋಟದ ಗಾಡಿಗೆ ಅಷ್ಟು ಸಾಕು. ಖರ್ಚು ಕಡಿಮೆ ಇರುವುದೂ ಇದರಲ್ಲಿಯೇ. ಗೇರುಪೆಟ್ಟಿಗೆಯ ಅಡ್ಡತೊಲೆಯನ್ನು ಒಂದು ಅಂಗುಲ ತಗ್ಗಿಸುವುದು ಎರಡನೆಯದು. ಆದರೆ ಯಾವ ದಿಣ್ಣೆಗೆ ಹೆದರಿ ಗಾಡಿಯನ್ನು ಎತ್ತಿಸಿದ್ದಾಯಿತೋ ಅದೇ ದಿಣ್ಣೆಗೆ ಆ ತೊಲೆಯು ಮೊದಲು ತಗಲುವುದು. ಮೂರನೆಯದು ಜೋಡಿಸಂಧಿಯ ಶಾಫ್ಟು, ಮೇಲೆ ಹೇಳಿದ ಬೆಣೆಯೊಡನೆ. ಇದು ಉತ್ತಮವಾದುದು, ವೆಚ್ಚವೂ ಹೆಚ್ಚು. ಬೆಣೆಯು ಉಕ್ಕಿನದಾಗಿರಬೇಕು, ಒಂದರ ಮೇಲೊಂದು ಬೆಣೆಯನ್ನಾಗಲಿ ದಿಮ್ಮಿಯನ್ನಾಗಲಿ ಪೇರಿಸಕೂಡದು. ಮುಂದಿನ ಅಚ್ಚಿಗಂತೂ ದಿಮ್ಮಿಯನ್ನು ಕೊಡಲೇಕೂಡದು; ಬ್ರೇಕು ಹಾಕಿದಾಗ ಅದು ಜಾರಿದರೆ ಸ್ಟೀರಿಂಗೇ ಕೈತಪ್ಪುತ್ತದೆ. ಹಿಂದೆ ಪಟ್ಟಿ ಸ್ಪ್ರಿಂಗು ಇದ್ದು, ಮುಂದಿನ ಎರಡು ಚಕ್ರಗಳಿಗೂ ಬೇರೆ ಬೇರೆ ಸ್ಪ್ರಿಂಗು ಇರುವ ಹೊಸ ಬಗೆಯ ಪಿಕಪ್ಪುಗಳಲ್ಲಿ, ಮುಂಭಾಗವನ್ನು ಎತ್ತಿದಾಗ ಚಕ್ರದ ಕಡೆಯ ಗಿಡ್ಡ ಶಾಫ್ಟುಗಳು ಓರೆಯಾಗುತ್ತವೆ. ಅವುಗಳ ರಬ್ಬರು ಚೀಲ ಹರಿದು ಗ್ರೀಸು ಚಿಮ್ಮಿದೆಯೇ ಎಂದು ತಿಂಗಳಿಗೊಮ್ಮೆ ನೋಡಿಸಬೇಕು.

ಅಳತೆಯು ಎಲ್ಲ ಸರಿಯಾಗಿದ್ದೂ ನಡುಕ ಉಳಿದರೆ ಶಾಫ್ಟನ್ನೇ ಪರೀಕ್ಷಿಸಬೇಕು. ಕ್ರಾಸಿನ ಬಟ್ಟಲುಗಳ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗೆ ಗ್ರೀಸು ಒಣಗಿದೆ. ನಿಧಾನವಾಗಿ ಹೋಗುವಾಗ ಹಕ್ಕಿಯಂತೆ ಕಿಚಕಿಚ ಎನ್ನುವುದೂ, ಹಿಂದಕ್ಕೆ ಹೋಗಿ ಮುಂದಕ್ಕೆ ಹೊರಡುವಾಗ ಟಣ್ಣೆನ್ನುವುದೂ ಅದರ ಲಕ್ಷಣಗಳೇ. ಕೈಯಿಂದ ಅಲುಗಿಸಿದರೆ ಸ್ವಲ್ಪವೂ ಸಡಿಲ ತೋರಕೂಡದು. ಕೊಳವೆಯ ಮೇಲೆ ಕಲ್ಲು ತಗುಲಿದ ತಗ್ಗು, ಬೆಸುಗೆ ಹಾಕಿದ್ದ ತೂಕದ ಚಿಕ್ಕ ತಗಡು ಬಿದ್ದುಹೋದ ಗುರುತು, ಎರಡು ತುಂಡಿನ ಶಾಫ್ಟಾದರೆ ನಡುವಣ ಬೇರಿಂಗಿನ ರಬ್ಬರು, ಇವನ್ನು ನೋಡಬೇಕು. ಮಳೆಗಾಲದ ಮುನ್ನ ಗ್ರೀಸಿಗಾಗಿ ಶಾಫ್ಟನ್ನು ಎರಡಾಗಿ ಎಳೆದು, ಮತ್ತೆ ಸೇರಿಸುವಾಗ ಹಲ್ಲು ತಪ್ಪಿಸಿ ಕೂರಿಸುವುದು ಬಹು ಸಾಮಾನ್ಯವಾದ ಪ್ರಮಾದ. ಇದರಿಂದ ಎರಡು ತುದಿಯ ಕವಲುಗಳು ನೇರ ತಪ್ಪುತ್ತವೆ. ಬಿಚ್ಚುವ ಮುನ್ನ ಎರಡು ತುಂಡುಗಳಿಗೂ ಅಡ್ಡಲಾಗಿ ಬಣ್ಣದ ಒಂದು ಗೆರೆಯನ್ನು ಎಳೆದರೆ ಈ ತಪ್ಪು ನಡೆಯಲಾರದು. ಎತ್ತರಿಸಿದ ಗಾಡಿಯಲ್ಲಿ ಆ ಹಲ್ಲುಗಳು ಎಷ್ಟು ಉದ್ದ ಒಳಗೆ ಉಳಿದಿವೆ ಎಂಬುದನ್ನೂ ಆಗಲೇ ಕಾಣಬೇಕು. ಶಾಫ್ಟು ಇಳಿಜಾರಾದಷ್ಟೂ ಅವು ಹೊರಕ್ಕೆ ಎಳೆಯಲ್ಪಟ್ಟು, ಗುಂಡಿಯಲ್ಲಿ ಅಚ್ಚು ಜೋತಾಗ ಕಳಚಿಕೊಳ್ಳುವ ಸಂಭವವುಂಟು.

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ವಿವರಗಳಿಗೆ ವ್ಯತಿರಿಕ್ತವಾಗಿ ಗಾಡಿಯನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಅಪಘಾತವಾದಾಗ ವಿಮೆಯ ಪ್ರಶ್ನೆಯೂ ಏಳುವುದರಿಂದ, ಎತ್ತರಿಸಬೇಕೆನ್ನುವವರು ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು. ಈಗಾಗಲೇ ಎತ್ತರಿಸಿದ ಗಾಡಿಗಳ ಯೂ ಬೋಲ್ಟುಗಳನ್ನು, ಸ್ಪ್ರಿಂಗು ಬಿಚ್ಚಿ ಕಟ್ಟಿದ ಪ್ರತಿ ಸಲವೂ, ಮೊದಲ ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಬಿಗಿಗೊಳಿಸಿ, ಅದೇ ದಿನ ಮೂರು ಅಳತೆಗಳನ್ನೂ ತೆಗೆದು ಗಾಡಿಯ ಪುಸ್ತಕದಲ್ಲಿ ಬರೆದಿಡತಕ್ಕದ್ದು.